ಅಪ್‌ಡೇಟ್: ಮಗನ ಬೆಳಗಿನ ಹಟ

ಬೌದ್ಧಿಕ ಅಂಗವೈಕಲ್ಯವಿರುವ ನಮ್ಮ 24 ವರ್ಷದ ಮಗ ಬಟ್ಟೆ ಹಾಕಿಕೊಳ್ಳಲು ಹಟ ಮಾಡುತ್ತಾನೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಕೊನೆಯ ಹೆಜ್ಜೆಯಿಂದ ಕಲಿಸಿ ಎಂದಿದ್ದಿರಿ. ಅದೇ ಫಲ ಕೊಟ್ಟಿತು. ಅಂಗಿಯ ಗುಂಡಿಗಳನ್ನೆಲ್ಲ ನಾನೇ ಹಾಕಿ, ಕೊನೆಯದೊಂದನ್ನು ಅವನಿಗೆ ಬಿಡುತ್ತಿದ್ದೆ. ಅದು ಸರಿಹೋದ ಮೇಲೆ ಕೊನೆಯ ಎರಡು. ಹೀಗಾದರೆ ಪ್ರತಿ ಸಲವೂ ಕೆಲಸ ಮುಗಿಸುವವನು ಅವನೇ, ಅಲ್ವಾ? ಆ ಖುಷಿಗೇ ಹಟ ಎಷ್ಟೋ ಇಳಿಯಿತು. ಈಗ ಅಂಗಿ ಪೂರ್ತಿ ಅವನೇ ಹಾಕಿಕೊಳ್ಳುತ್ತಾನೆ. ಪ್ಯಾಂಟಿನ ಜಿಪ್ ಆಗಲಿಲ್ಲ. ಇಲಾಸ್ಟಿಕ್ ಪ್ಯಾಂಟ್ ತಂದೆವು, ಬೇಜಾರೇನಿಲ್ಲ.

ಬಟ್ಟೆ ಹಾಕುವ ಹೆಜ್ಜೆಗಳನ್ನು ತೋರಿಸಲು ಗೋಡೆಗೆ ಅಂಟಿಸಿದ ಚಿತ್ರಪಟ್ಟಿ ಮಾತ್ರ ಸುಮ್ನೆ. ಅವನು ನೋಡುವುದೇ ಇಲ್ಲ. ಅವನು ಮುಗಿಸುವವರೆಗೆ ಕಾಯುವುದು ನಮ್ಮ ಯಜಮಾನರಿಗೇ ಜಾಸ್ತಿ ಕಷ್ಟ. ತಡವಾದರೆ ಕೈ ತಾನಾಗಿ ಗುಂಡಿಗೆ ಹೋಗುತ್ತದೆ. ಆ ಹೊತ್ತಿಗೆ ಅವರನ್ನು ಅಡುಗೆಮನೆಗೆ ಕಳಿಸುತ್ತೇನೆ.

ಮುಂದಿನದು ಶೇವಿಂಗ್. ಟ್ರಿಮ್ಮರ್ ಸದ್ದಿಗೆ ಹೆದರುವ ಮಕ್ಕಳಿಗೆ ನೀವೇನು ಮಾಡಿದಿರಿ?