ಪ್ರಾಣಿಗಳ ‘ಬುದ್ಧಿ’: ಅಂತರ ಮಟ್ಟದ್ದೋ, ಬಗೆಯದ್ದೋ?

ಮನುಷ್ಯನ ಮನಸ್ಸಿಗೂ ಮೇಲ್ಮಟ್ಟದ ಪ್ರಾಣಿಗಳ ಮನಸ್ಸಿಗೂ ಇರುವ ಅಂತರ ಎಷ್ಟೇ ದೊಡ್ಡದಿರಲಿ, ಅದು ‘ಡಿಗ್ರಿ’ಯದು, ‘ಕೈಂಡ್’ನದಲ್ಲ ಎಂದು ಡಾರ್ವಿನ್ 1871ರಲ್ಲಿ ಬರೆದ. ಈ ಒಂದು ವಾಕ್ಯವನ್ನು ಕನ್ನಡಕ್ಕೆ ತರಲು ಕುಳಿತಿದ್ದೇನೆ. ಪದಗಳು ಒಂದೊಂದಾಗಿ ಕೈಕೊಡುತ್ತಿವೆ.

‘ಡಿಗ್ರಿ’ಗೆ ಮೊದಲು ಹೊಳೆದದ್ದು ‘ತಾರತಮ್ಯ’. ಉಚ್ಚತರ, ಉಚ್ಚತಮ ಎನ್ನುವಾಗಿನ ‘ತರ’, ‘ತಮ’ಗಳಿಂದ ಹುಟ್ಟಿದ ಮಾತು ಅದು. ಒಂದೇ ಗುಣದ ಏರಿಳಿತವನ್ನು ಹೇಳಲು ಇದಕ್ಕಿಂತ ತಕ್ಕ ಪದ ಇನ್ನೇನು ಬೇಕು? ಆದರೆ ‘ಮನುಷ್ಯ, ಪ್ರಾಣಿಗಳ ನಡುವಿನ ತಾರತಮ್ಯ’ ಎಂದರೆ ಇಂದಿನ ಓದುಗನಿಗೆ ಕೇಳಿಸುವುದು ಯಾರಿಗೋ ಆದ ಅನ್ಯಾಯ. ‘ಪ್ರಮಾಣ’ದಲ್ಲಿ ಅಳತೆಯ ಜೊತೆಗೆ ಆಣೆಯೂ ಆಧಾರವೂ ನುಸುಳುತ್ತವೆ. ಸದ್ಯಕ್ಕೆ ‘ಮಟ್ಟ’ ಎಂದು ಇಟ್ಟುಕೊಂಡಿದ್ದೇನೆ.

‘ಕೈಂಡ್’ಗೆ ‘ಬಗೆ’ ನನಗೆ ಇಷ್ಟ. ಹಳಗನ್ನಡದಲ್ಲಿ ‘ಬಗೆ’ ಎಂದರೆ ಮನಸ್ಸು, ಬಗೆಯುವುದೆಂದರೆ ಯೋಚಿಸುವುದು. ‘ಬಗೆಯ ಬಗೆಯೇ ಬೇರೆ’ ಎಂದು ಬರೆದು ಒಂದು ಗಳಿಗೆ ಹಿಗ್ಗಿದೆ, ಮರುಗಳಿಗೆ ಹೊಡೆದುಹಾಕಿದೆ. ಹಳೆಯ ಸುಭಾಷಿತವೊಂದು ಆಹಾರ, ನಿದ್ರೆ, ಭಯಗಳು ಪಶುವಿಗೂ ನರನಿಗೂ ಸಮಾನವೆಂದು ಹೇಳಿ, ನರನಿಗೆ ಮಾತ್ರ ಧರ್ಮವು ‘ಅಧಿಕೋ ವಿಶೇಷಃ’ ಎನ್ನುತ್ತದೆ. ‘ಅಧಿಕ’ ಮಟ್ಟದ ಮಾತು, ‘ವಿಶೇಷ’ ಬಗೆಯ ಮಾತು. ಕವಿ ಎರಡನ್ನೂ ಹೇಳಿ ಜಾರಿಕೊಂಡ. ಅನುವಾದಕನಿಗೆ ಆ ಭಾಗ್ಯವಿಲ್ಲ.

ಇವೆಲ್ಲಕ್ಕಿಂತ ದೊಡ್ಡ ತೊಡಕು ‘ಬುದ್ಧಿ’. ನಾಯಿಬುದ್ಧಿ, ನರಿಬುದ್ಧಿ, ಕೋತಿಬುದ್ಧಿ: ಪ್ರಾಣಿಯ ಹೆಸರು ಸೇರಿದ್ದೇ ತಡ, ‘ಬುದ್ಧಿ’ಯ ಅರ್ಥ ಚಾಳಿ ಎಂದಾಗಿಬಿಡುತ್ತದೆ. ‘ತನ್ನ ಬುದ್ಧಿ ತೋರಿಸಿಬಿಟ್ಟ’ ಎನ್ನುವವರು ಯಾರನ್ನೂ ಹೊಗಳುತ್ತಿರುವುದಿಲ್ಲ. ‘ಬುದ್ಧಿವಂತಿಕೆ’ ಎಂದರೆ ಬರಿಯ ಮೆಚ್ಚುಗೆ. ‘ಬುದ್ಧಿಮತ್ತೆ’ಯೋ, ‘ಕೃತಕ’ದ ಸಹವಾಸಕ್ಕೆ ಬಿದ್ದು ಈಗ ಯಂತ್ರದ ವಾಸನೆ ಹೊಡೆಯುತ್ತಿದೆ.

ಈ ಆಯ್ಕೆ ಎಷ್ಟು ಅಪಾಯದ್ದು ನೋಡಿ. ಆಕ್ಸ್‌ಫರ್ಡ್‌ನಲ್ಲಿ ಸಾಕಿದ್ದ ಬೆಟ್ಟಿ ಎಂಬ ನ್ಯೂ ಕ್ಯಾಲೆಡೋನಿಯಾದ ಕಾಗೆ, ಕೊಕ್ಕೆಯಾಗಿದ್ದ ತಂತಿಯನ್ನು ಜೊತೆಯ ಗಂಡುಕಾಗೆ ಒಯ್ದುಬಿಟ್ಟಾಗ ನೆಟ್ಟಗಿದ್ದ ತಂತಿಯನ್ನು ತಾನೇ ಬಗ್ಗಿಸಿ ಕೊಳವೆಯೊಳಗಿನ ತಿನಿಸನ್ನು ಎತ್ತಿಕೊಂಡಿತು. 2002ರಲ್ಲಿ ಇದು ಪ್ರಕಟವಾದಾಗ ಎಲ್ಲರೂ ಬುದ್ಧಿವಂತಿಕೆ ಎಂದರು. ಕಾಡಿನಿಂದ ಹಿಡಿದು ತಂದ ಅದೇ ಪ್ರಭೇದದ ಕಾಗೆಗಳೂ ಕಡ್ಡಿಗಳನ್ನು ಬಗ್ಗಿಸಿ ಬಳಸುತ್ತವೆ ಎಂಬ ವರದಿ 2016ರಲ್ಲಿ ಬಂತು. ಹಾಗಾದರೆ ಅದು ಕಾಗೆಬುದ್ಧಿಯೇ, ಅಂದರೆ ಹುಟ್ಟಿನಿಂದ ಬಂದದ್ದೇ? ವಿಜ್ಞಾನಿಗಳ ಜಗಳದ ಎರಡೂ ಪಕ್ಷಗಳು ಕನ್ನಡದಲ್ಲಿ ಒಂದು ಪ್ರತ್ಯಯದ ಅಂತರದಲ್ಲಿ ಕುಳಿತಿವೆ. ಯಾವ ಪದ ಹಾಕಿದರೂ ನಾನು ತೀರ್ಪು ಕೊಟ್ಟಂತೆಯೇ.

ವ್ಯಾಕರಣವಂತೂ ಡಾರ್ವಿನ್‌ನನ್ನು ಮೊದಲೇ ಸೋಲಿಸಿಬಿಟ್ಟಿದೆ. ಮೂವರು ವಿಜ್ಞಾನಿಗಳು, ಮೂರು ಕಾಗೆಗಳು. ಮನುಷ್ಯರಾದರೆ ‘ಯಾರು’, ಕಾಗೆಯಾದರೆ ‘ಯಾವುದು’. ತಂತಿ ಬಗ್ಗಿಸಿದ ಬೆಟ್ಟಿಯೂ ಆ ತಂತಿಯೂ ನಮಗೆ ಒಂದೇ ‘ಅದು’. ಆದರೆ ಕ್ರಿಯಾಪದಗಳು ಡಾರ್ವಿನ್‌ನ ಕಡೆಗಿವೆ: ಮಗು ತಾಯಿಯನ್ನು ಗುರುತಿಸುತ್ತದೆ, ಕರುವೂ ಗುರುತಿಸುತ್ತದೆ, ನಾವು ಕಲಿಯುತ್ತೇವೆ, ಗಿಳಿಯೂ ಕಲಿಯುತ್ತದೆ. (ಮಗುವೂ ‘ಅದು’ವೇ ಎಂಬುದು ಈ ಸಾಲು ಬರೆಯುವಾಗ ಹೊಳೆಯಿತು. ಬೆಳೆಯುತ್ತಾ ಅದು ಅವನೋ ಅವಳೋ ಆಗುತ್ತದೆ. ಮಟ್ಟ ಏರಿ ಬಗೆಯೇ ಬದಲಾಗುವುದೆಂದರೆ ಇದೇ ಇರಬೇಕು.)

ಸದ್ಯದ ಕರಡು ಹೀಗಿದೆ: ‘ಅಂತರ ಎಷ್ಟೇ ದೊಡ್ಡದಾಗಿರಲಿ, ಅದು ಮಟ್ಟದ ಅಂತರವೇ ಹೊರತು ಬಗೆಯ ಅಂತರವಲ್ಲ.’ ‘ಮಟ್ಟ’ಕ್ಕಿಂತ ‘ಹೆಚ್ಚುಕಡಿಮೆಯ ಅಂತರ’ ಸಹಜವಾಗಿ ಕೇಳುತ್ತದೆಯೇ, ಅಥವಾ ಅದನ್ನು ‘ಸುಮಾರಾಗಿ’ ಎಂದು ಓದಿಬಿಡುತ್ತೀರಾ? ಮುಂದಿನ ಪುಟಗಳಲ್ಲಿ ‘ಬುದ್ಧಿ’ಯ ಬದಲು ‘ತಿಳಿವು’ ಎಂದು ಬಳಸುವ ಯೋಚನೆಯಿದೆ. ‘ಅರಿವು’ ಎನ್ನಲು ಹಿಂಜರಿಕೆ: ವಚನಗಳನ್ನು ಓದಿದವರ ಕಿವಿಯಲ್ಲಿ ಅದು ಬೇರೆಯೇ ಎತ್ತರದಲ್ಲಿದೆ. ‘ಕಾಗೆಯ ತಿಳಿವು’ ಎಂದರೆ ನಿಮಗೆ ಚಾಳಿ ನೆನಪಾಗುತ್ತದೆಯೇ, ಚಾತುರ್ಯ ನೆನಪಾಗುತ್ತದೆಯೇ?