ಘಾಟ್ ಏರುವಾಗ ಪಿಕಪ್ ಎಳೆಯುತ್ತಿಲ್ಲ: ದೊಡ್ಡ ಫ್ಯೂಯಲ್ ಪಂಪ್ ಹಾಕಿಸಬೇಕಾ?

ಚೋರ್ಲಾ_ಲೈನ್ (ಬೆಳಗಾವಿ):
ಎಲ್ಲರಿಗೂ ನಮಸ್ಕಾರ. ನನ್ನದು 2018ರ ಡೀಸೆಲ್ ಪಿಕಪ್, ಬಿಎಸ್-4. 2.5 ಲೀಟರ್ ಕಾಮನ್ ರೈಲ್ ಎಂಜಿನ್, 75 ಎಚ್‌ಪಿ ಹತ್ತಿರ. ಬೆಳಗಾವಿಯಿಂದ ತರಕಾರಿ ತುಂಬಿಕೊಂಡು ಜಾಂಬೋಟಿ, ಕಣಕುಂಬಿ ಮೇಲೆ ಗೋವಾದ ಮಾಪುಸಾಕ್ಕೆ ಹೋಗುತ್ತೇನೆ. ಹೋಗುವಾಗ ಲೋಡ್ ಇದ್ದರೂ ಏನೂ ತೊಂದರೆ ಇಲ್ಲ. ವಾಪಸ್ ಬರುವಾಗ ಹಿಂದೆ ಖಾಲಿ ಕ್ರೇಟ್ ಅಷ್ಟೇ. ಆದರೂ ಚೋರ್ಲಾ ಘಾಟಿನ ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಗಾಡಿ ಒಮ್ಮೆಲೇ ಸೊರಗುತ್ತದೆ, ಚೆಕ್ ಎಂಜಿನ್ ಲೈಟ್ ಬರುತ್ತದೆ. ಕೀ ಆಫ್ ಮಾಡಿ ಮತ್ತೆ ಹಚ್ಚಿದರೆ ಸ್ವಲ್ಪ ದೂರ ಸರಿ. ಪ್ರತಿ ಸಲ ಹೀಗಾಗುವುದೂ ಇಲ್ಲ.

ಸ್ಕ್ಯಾನರ್ ಹಚ್ಚಿದರೆ ಪಿ0087 ಅನ್ನುವ ಎರರ್ ಕೋಡ್ ಬಂತು. ಒಬ್ಬ ಮಿಸ್ತ್ರಿ ಹೈ ಪ್ರೆಶರ್ ಪಂಪ್ (ಎಂಜಿನ್ ಹತ್ತಿರ ಡೀಸೆಲ್ ಒತ್ತಡ ಏರಿಸುವ ಪಂಪ್) ಹೋಗಿದೆ ಅಂದರು. ಇನ್ನೊಬ್ಬರು ಹೊರಗಿನಿಂದ ಎಲೆಕ್ಟ್ರಿಕ್ ಲಿಫ್ಟ್ ಪಂಪ್ (ಟ್ಯಾಂಕಿನ ಡೀಸೆಲ್ ಎಂಜಿನ್ ಕಡೆ ತಳ್ಳುವ ಪಂಪ್) ಹಾಕಿಸು ಅಂದರು. ಆನ್‌ಲೈನ್‌ನಲ್ಲಿ ಗಂಟೆಗೆ 120 ಲೀಟರ್, 255 ಲೀಟರ್ ಅಂತ ಸುಮಾರು ಇವೆ. ಯಾವುದು ತಗೊಳ್ಳಲಿ? ಡೀಸೆಲ್ ಫಿಲ್ಟರ್ ಹೊಸದೇ ಇದೆ.

ಟರ್ಬೊ_ವಿಜಯಪುರ:
ಅಣ್ಣಾ, ಕಣ್ಣು ಮುಚ್ಚಿ 255 ಹಾಕಿಸಿ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಡೀಸೆಲ್ ಜಾಸ್ತಿ ಬಂದರೆ ಎಳೆತ ಜಾಸ್ತಿ.

ಪಂಪ್_ಕೆಲಸ (ಬಾಗಲಕೋಟೆ):
ಪಂಪ್ ಜಾಸ್ತಿ ತಳ್ಳಿದ ಮಾತ್ರಕ್ಕೆ ಎಂಜಿನ್ ಜಾಸ್ತಿ ಕುಡಿಯುವುದಿಲ್ಲ ರೀ. ಎಷ್ಟು ಡೀಸೆಲ್ ಒಳಗೆ ಹೋಗಬೇಕು ಅನ್ನುವುದನ್ನು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಮತ್ತು ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ತೀರ್ಮಾನ ಮಾಡುತ್ತವೆ. ಲೆಕ್ಕ ಹಾಕಿ ನೋಡಿ. 75 ಎಚ್‌ಪಿ ಅಂದರೆ 56 ಕಿಲೋವ್ಯಾಟ್. ಇಂಥ ಎಂಜಿನ್ ಪೂರ್ತಿ ಲೋಡಿನಲ್ಲಿ ಒಂದು ಕಿಲೋವ್ಯಾಟ್‌ಗೆ ಗಂಟೆಗೆ 230 ಗ್ರಾಂ ಆಸುಪಾಸು ಡೀಸೆಲ್ ಸುಡುತ್ತದೆ. ಒಟ್ಟು ಗಂಟೆಗೆ 15-16 ಲೀಟರ್. ಪಂಪ್ ತಣ್ಣಗಿರಲು, ಇಂಜೆಕ್ಟರ್ ರಿಟರ್ನ್‌ಗೆ (ಟ್ಯಾಂಕಿಗೆ ವಾಪಸ್ ಹೋಗುವ ಡೀಸೆಲ್) ಅಂತ ಇದರ ಕೆಲವು ಪಟ್ಟು ಓಡಾಡುತ್ತದೆ, ಅದು ಬೇರೆ. ಅದಕ್ಕೆಲ್ಲ ಕಂಪನಿಯ ಪಂಪೇ ಸಾಕು.

ಪಿ0087 ಅಂದರೆ ರೈಲಿನಲ್ಲಿ (ಎಲ್ಲ ಇಂಜೆಕ್ಟರ್‌ಗೂ ಡೀಸೆಲ್ ಹಂಚುವ ಪೈಪ್) ಒತ್ತಡ ಕಮ್ಮಿ ಅಂತ ಮಾತ್ರ. ಯಾಕೆ ಕಮ್ಮಿ ಅನ್ನುವುದನ್ನು ಅದು ಹೇಳುವುದಿಲ್ಲ. ಪಂಪ್ ಸವೆದಿರಬಹುದು. ಇಂಜೆಕ್ಟರ್ ರಿಟರ್ನ್‌ನಲ್ಲಿ ಸೋರಿ ಹೋಗುತ್ತಿರಬಹುದು. ಇಲ್ಲಾ ಪಂಪಿಗೆ ಡೀಸೆಲ್ಲೇ ಸರಿಯಾಗಿ ಮುಟ್ಟುತ್ತಿಲ್ಲದೆ ಇರಬಹುದು. ಖಾಲಿ ಗಾಡಿಗೆ ಹೀಗಾಗುತ್ತದೆ, ಅದೂ ಒಮ್ಮೊಮ್ಮೆ ಅಂದಿರಲ್ಲ, ನನಗೆ ಮೂರನೆಯದರ ಮೇಲೇ ಅನುಮಾನ. ಸವೆದ ಪಂಪ್ ಆದರೆ ಅದೇ ಏರಿನಲ್ಲಿ ಒಂದು ಸಲ ಸರಿ, ಒಂದು ಸಲ ತೊಂದರೆ ಅಂತ ಸಾಮಾನ್ಯವಾಗಿ ಮಾಡುವುದಿಲ್ಲ.

ಮೂರು ವಿಷಯ ಹೇಳಿ. ಕೀ ಆನ್ ಮಾಡಿದಾಗ ಟ್ಯಾಂಕ್ ಕಡೆ ಮೋಟರ್ ಸದ್ದು ಬರುತ್ತದಾ? ತೊಂದರೆ ಆದಾಗ ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇತ್ತು? ಏರಿನಲ್ಲಿ ಇಸಿಯು ಕೇಳಿದ ರೈಲ್ ಪ್ರೆಶರ್ ಎಷ್ಟು, ಸಿಕ್ಕಿದ್ದು ಎಷ್ಟು? ಬ್ಲೂಟೂತ್ ಸ್ಕ್ಯಾನರ್ ಇದ್ದರೆ ಮೊಬೈಲಿನಲ್ಲೇ ಎರಡೂ ಕಾಣುತ್ತವೆ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಅವರಿಗೆ ನೋಡಲು ಹೇಳಿ, ಘಾಟಿನಲ್ಲಿ ನೀವು ಮೊಬೈಲ್ ನೋಡಬೇಡಿ.

ಚೋರ್ಲಾ_ಲೈನ್:
ಮೋಟರ್ ಸದ್ದು ಇಲ್ಲ ಸರ್, ಫಿಲ್ಟರ್ ಹತ್ತಿರ ಕೈಯಲ್ಲಿ ಒತ್ತುವ ಪ್ರೈಮರ್ (ಡೀಸೆಲ್ ಲೈನಿನ ಗಾಳಿ ತೆಗೆಯುವ ಪಂಪ್) ಇದೆ. ಏರಿನಲ್ಲಿ ಇಸಿಯು 1,300 ಬಾರ್ ಕೇಳುತ್ತದೆ, ಸಿಗುವುದು 900 ಚಿಲ್ಲರೆ. ಟ್ಯಾಂಕ್ ಬಗ್ಗೆ ನೀವು ಕೇಳಿದ ಮೇಲೆ ಹೊಳೆಯಿತು. ಒಮ್ಮೆ ಫುಲ್ ಮಾಡಿಸಿದರೆ ಎರಡು ಟ್ರಿಪ್ ಓಡಿಸುತ್ತೇನೆ. ಮೊದಲನೇ ಟ್ರಿಪ್‌ನಲ್ಲಿ ವಾಪಸ್ ಬರುವಾಗ ಸರಿ ಇರುತ್ತದೆ. ಎರಡನೆಯದರಲ್ಲೇ ಈ ರಗಳೆ. ಆಗ ಮುಳ್ಳು ಕಾಲು ಭಾಗದ ಹತ್ತಿರ ಇರುತ್ತದೆ.

ಪಂಪ್_ಕೆಲಸ:
ಹಾಗಾದರೆ ಪಂಪ್ ಆರ್ಡರ್ ಮಾಡಬೇಡಿ, ತಡೀರಿ. ನಿಮ್ಮ ಗಾಡಿಯಲ್ಲಿ ಟ್ಯಾಂಕಿನೊಳಗೆ ಪಂಪ್ ಇಲ್ಲ. ಎಂಜಿನ್ ಕಡೆಯ ಪಂಪೇ ಸ್ಟ್ರಾ ಹಾಕಿ ಎಳೆದ ಹಾಗೆ ಡೀಸೆಲ್ ಎಳೆಯುತ್ತದೆ. ಆ ದಾರಿಯಲ್ಲಿ ಎಲ್ಲೇ ಸಣ್ಣ ತೂತಿದ್ದರೂ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಅದಕ್ಕೇ ಕೆಳಗೆ ಒಂದು ಹನಿ ಕಲೆಯೂ ಕಾಣುವುದಿಲ್ಲ, ಎಲ್ಲರೂ ಪಂಪಿನ ಮೇಲೇ ತಪ್ಪು ಹಾಕುತ್ತಾರೆ. ಟ್ಯಾಂಕಿನೊಳಗಿನ ಪೈಪ್ ಸೀಳಿದ್ದರಂತೂ ಡೀಸೆಲ್ ಸೀಳಿನ ಮೇಲಿರುವ ತನಕ ಗೊತ್ತೇ ಆಗುವುದಿಲ್ಲ. ಮಟ್ಟ ಇಳಿದು, ಮೂತಿ ಮೇಲಾದಾಗ ಗಾಳಿ ಎಳೆಯುತ್ತದೆ.

ಮೊದಲು ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ ನೋಡಿ. ಸುಯ್ ಅಂತ ಗಾಳಿ ಒಳಗೆ ಹೋದರೆ ವೆಂಟ್ (ಟ್ಯಾಂಕಿಗೆ ಗಾಳಿ ಬರುವ ತೂತು) ಕಟ್ಟಿದೆ. ಜಾಂಬೋಟಿ ಕಡೆ ಮಳೆಗಾಲದ ಕೆಸರಿಗೆ ಅದೇನು ದೊಡ್ಡದಲ್ಲ. ಆಮೇಲೆ ಫಿಲ್ಟರ್ ಮತ್ತು ಪಂಪ್ ನಡುವೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ಗುಳ್ಳೆ ಬರುತ್ತವಾ ನೋಡಿ. ಇದು ಪರೀಕ್ಷೆಗೆ ಮಾತ್ರ, ಹಾಗೇ ಬಿಡಬೇಡಿ, ಆ ಪೈಪ್ ಬಿಸಿಗೆ ಬಿರುಸಾಗುತ್ತದೆ. ಪ್ರೈಮರ್ ಮೆತ್ತಗಿನ ರಬ್ಬರ್ ಉಂಡೆಯಾಗಿದ್ದರೆ, ರೇಸ್ ಮಾಡಿದಾಗ ಅದು ಚಪ್ಪಟೆಯಾಗುತ್ತದಾ ಗಮನಿಸಿ. ಚಪ್ಪಟೆಯಾದರೆ ಅದರ ಹಿಂದೆ, ಟ್ಯಾಂಕ್ ಕಡೆ, ಏನೋ ಕಟ್ಟಿದೆ ಅಂತ ಅರ್ಥ.

ಇವೆಲ್ಲಕ್ಕಿಂತ ಗಟ್ಟಿ ಪರೀಕ್ಷೆ ಕ್ಯಾನ್. ಶುದ್ಧ ಡೀಸೆಲ್ ಇರುವ ಕ್ಯಾನನ್ನು ಹಿಂದೆ ಭದ್ರವಾಗಿ ಕಟ್ಟಿ, ಸಪ್ಲೈ ಮತ್ತು ರಿಟರ್ನ್ ಎರಡೂ ಪೈಪನ್ನು ಅದಕ್ಕೇ ಕೊಡಿ. ಅದೇ ಏರು, ಅದೇ ಗೇರು. ಈಗ ರೈಲ್ ಪ್ರೆಶರ್ ಸರಿ ಬಂದರೆ ಪಂಪ್, ಇಂಜೆಕ್ಟರ್ ಎರಡೂ ಗಟ್ಟಿ ಇವೆ.

ಒಂದು ಮಾತು. ಎಂಜಿನ್ ಓಡುವಾಗ ರೈಲಿನ ಸ್ಟೀಲ್ ಪೈಪಿನ ನಟ್ ಯಾವ ಕಾರಣಕ್ಕೂ ಸಡಿಲ ಮಾಡಬೇಡಿ. ಹಳೇ ಗಾಡಿಯಲ್ಲಿ ಏರ್ ತೆಗೆದ ಅಭ್ಯಾಸದಲ್ಲಿ ಕೆಲವರು ಮಾಡುತ್ತಾರೆ. ಸಾವಿರ ಬಾರ್ ಮೇಲಿನ ಒತ್ತಡದಲ್ಲಿ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣಬಹುದು, ಆದರೆ ತಕ್ಷಣ ಆಪರೇಷನ್ ಮಾಡಿಸದಿದ್ದರೆ ಬೆರಳೇ ಹೋಗಬಹುದು.

ಟರ್ಬೊ_ವಿಜಯಪುರ:
ಎಳೆಯುವ ಲೈನಿನಲ್ಲಿ ಗಾಳಿ ಬರುತ್ತದೆ ಅಂತ ನೀವೇ ಹೇಳಿದಿರಿ. ಟ್ಯಾಂಕ್ ಹತ್ತಿರ ತಳ್ಳುವ ಪಂಪ್ ಕೂರಿಸಿದರೆ ಗಾಳಿ ಬರುವುದು ನಿಲ್ಲುತ್ತದೆ ಅಲ್ವಾ?

ಪಂಪ್_ಕೆಲಸ:
ಪಂಪ್ ಆದ ಮೇಲಿನ ಪೈಪಿನ ಮಟ್ಟಿಗೆ ಹೌದು. ಅಲ್ಲಿ ತೂತಿದ್ದರೆ ಗಾಳಿ ಬರುವ ಬದಲು ಡೀಸೆಲ್ ಹೊರಗೆ ಸೋರುತ್ತದೆ, ಕಣ್ಣಿಗೆ ಕಾಣುತ್ತದೆ. ಆದರೆ ಪಂಪ್ ಕೂಡ ಟ್ಯಾಂಕಿನೊಳಗಿನ ಅದೇ ಸೀಳಿದ ಪೈಪಿನಿಂದಲೇ ಎಳೆಯಬೇಕಲ್ಲ.

ಚೋರ್ಲಾ_ಲೈನ್:
ಅಪ್‌ಡೇಟ್. ಮುಚ್ಚಳ ತೆಗೆದಾಗ ಸದ್ದಿಲ್ಲ. ಟ್ಯಾಂಕ್ ಕಾಲು ಭಾಗ ಇಟ್ಟುಕೊಂಡು ಯಳ್ಳೂರಿನ ರಾಜಹಂಸಗಡದ ಏರಿಗೆ ಹೋದೆ. ಚೋರ್ಲಾ ತನಕ ಹೋಗುವ ಕೆಲಸ ತಪ್ಪಿತು. ಟ್ಯಾಂಕ್ ಮೇಲೆ ಓಡಿಸಿದಾಗ ಪಾರದರ್ಶಕ ಪೈಪಿನಲ್ಲಿ ಗುಳ್ಳೆಯ ಸಾಲು, ಪ್ರೆಶರ್ 950. ಕ್ಯಾನ್ ಮೇಲೆ ಅದೇ ತಿರುವಿನಲ್ಲಿ 1,300 ಕೇಳಿದರೆ 1,290 ಬಂತು. ಟ್ಯಾಂಕ್ ಯೂನಿಟ್ ಹೊರಗೆ ತೆಗೆಸಿದೆ. ಎಳೆಯುವ ಪ್ಲಾಸ್ಟಿಕ್ ಪೈಪ್ ಬಾಗಿದ ಜಾಗದಲ್ಲಿ ಉಗುರಿನಷ್ಟು ಸೀಳಿದೆ. ಹೊಸ ಯೂನಿಟ್ ಹಾಕಿಸಿದ ಮೇಲೆ ಚೋರ್ಲಾದಲ್ಲೂ ಲೈಟ್ ಬಂದಿಲ್ಲ. ಪಂಪಿಗೆ ಕೇಳಿದ ದುಡ್ಡಿನ ಮುಂದೆ ಈ ಖರ್ಚು ಏನೂ ಅಲ್ಲ.

ಬೆಲ್ಲದ_ಗಾಡಿ (ಮಹಾಲಿಂಗಪುರ):
ಇಲ್ಲೇ ನಂದೂ ಕೇಳಿಬಿಡುತ್ತೇನೆ. ನನ್ನ ಪಿಕಪ್ ರೀಮ್ಯಾಪ್ ಆಗಿದೆ (ಪವರ್ ಹೆಚ್ಚಿಸಲು ಇಸಿಯು ಸೆಟ್ಟಿಂಗ್ ಬದಲಿಸಿದ್ದು), ಇಂಜೆಕ್ಟರ್ ನಾಝಲ್ ಕೂಡ ದೊಡ್ಡವು. ಕ್ಯಾನ್ ಮೇಲೆ ಓಡಿಸಿದರೂ ಮೇಲಿನ ಆರ್‌ಪಿಎಮ್‌ನಲ್ಲಿ ಪ್ರೆಶರ್ ಬೀಳುತ್ತದೆ. ಇಂಜೆಕ್ಟರ್ ಲೀಕ್ ಟೆಸ್ಟ್ ಆಗಿದೆ, ಇಂಜೆಕ್ಟರ್‌ಗಳ ರಿಟರ್ನ್ ಹಿಡಿದ ನಾಲ್ಕೂ ಬಾಟಲಿಯಲ್ಲಿ ಹೆಚ್ಚು ಕಮ್ಮಿ ಒಂದೇ ಮಟ್ಟ, ಅದೂ ಕಡಿಮೆಯೇ. ನನಗಾದರೂ ಪಂಪ್ ಬೇಕಾ?

ಪಂಪ್_ಕೆಲಸ:
ನಿಮಗೆ ಬೇಕಾಗಬಹುದು. ಕ್ಯಾನಿನಲ್ಲೂ ಬೀಳುತ್ತದೆ ಅಂದರೆ ಲಿಫ್ಟ್ ಪಂಪಿಗಿಂತ ಹೈ ಪ್ರೆಶರ್ ಪಂಪಿನ ಸಾಮರ್ಥ್ಯವೇ ಸಾಲದೆ ಬಂದಿರಬೇಕು. ಮೊದಲು ಅದರ ಮೀಟರಿಂಗ್ ವಾಲ್ವ್ (ಡೀಸೆಲ್ ಎಷ್ಟು ಬೇಕೋ ಅಷ್ಟು ಬಿಡುವ ವಾಲ್ವ್) ಬಿಚ್ಚಿಸಿ ಜಾಲರಿ ನೋಡಿ. ಮಿನುಗುವ ಲೋಹದ ಪುಡಿ ಕಂಡರೆ ಪಂಪ್ ಒಳಗೇ ತೇಯುತ್ತಿದೆ. ಆಗ ಪಂಪ್ ಒಂದನ್ನೇ ಬದಲಿಸಿದರೆ ರೈಲು, ಪೈಪು, ಟ್ಯಾಂಕಿನಲ್ಲಿ ಉಳಿದ ಪುಡಿ ಹೊಸದನ್ನೂ ತಿನ್ನುತ್ತದೆ. ಪುಡಿ ಇಲ್ಲದಿದ್ದರೆ ಹೆಚ್ಚು ಸಾಮರ್ಥ್ಯದ ಪಂಪ್ ಹುಡುಕಿ, ಇಲ್ಲಾ ರೀಮ್ಯಾಪ್ ಮಾಡಿದವರಿಗೆ ಹೇಳಿ ಮೇಲಿನ ಆರ್‌ಪಿಎಮ್‌ನಲ್ಲಿ ಡೀಸೆಲ್ ಸ್ವಲ್ಪ ಕಡಿಮೆ ಮಾಡಿಸಿ. ಬೆಲ್ಲ ಹೊರುವ ಗಾಡಿಗೆ ನಾನಾದರೆ ಎರಡನೆಯದೇ ಮಾಡುತ್ತಿದ್ದೆ.

ಜೊತೆಗೆ ಲಿಫ್ಟ್ ಪಂಪ್ ಹಾಕುವುದಾದರೆ ಲೀಟರ್ ನೋಡಿ ಮರುಳಾಗಬೇಡಿ. ಡಬ್ಬಿಯ ಮೇಲಿನ ಅಂಕಿ ಎಷ್ಟೋ ಸಲ ಒತ್ತಡವೇ ಇಲ್ಲದಾಗ ಅಳೆದದ್ದು. ನಿಮ್ಮ ಪಂಪಿನ ಇನ್ಲೆಟ್ ಎಷ್ಟು ಒತ್ತಡ ತಡೆಯುತ್ತದೆ ಅಂತ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ನೋಡಿ, ಅದರೊಳಗೆ ಇರುವುದನ್ನೇ ತಗೊಳ್ಳಿ. ಪೆಟ್ರೋಲ್ ಕಾರಿನ ಪಂಪ್ ಮೂರು ನಾಲ್ಕು ಬಾರ್ ತಳ್ಳುತ್ತದೆ. ಎಳೆದು ಕುಡಿಯುವ ಪಂಪಿಗೆ ಅಷ್ಟು ಕೊಟ್ಟರೆ ಸೀಲ್ ಹೋಗುತ್ತದೆ. ನಿಂತುಹೋದರೂ ಡೀಸೆಲ್ ದಾಟಲು ಬಿಡುವ ಪಂಪ್ ಆಗಿರಲಿ. ಅದಕ್ಕೆ ಮುಂಚೆ ಒಂದು ಜಾಲರಿ ಫಿಲ್ಟರ್, ಕಂಪನಿಯ ಫಿಲ್ಟರ್ ಅದರ ನಂತರ. ವೈರಿಂಗ್ ರಿಲೇ, ಫ್ಯೂಸ್ ಮೂಲಕವೇ ಆಗಲಿ. ಎಂಜಿನ್ ನಿಂತರೆ ಪಂಪೂ ನಿಲ್ಲುವ ಹಾಗೆ ಆಯಿಲ್ ಪ್ರೆಶರ್ ಸ್ವಿಚ್ ಅಥವಾ ಆಲ್ಟರ್ನೇಟರ್ ಸಿಗ್ನಲ್‌ನಿಂದ ಕೊಡಿಸಿ. ಕೀ ಲೈನಿಗೆ ನೇರ ಕೊಟ್ಟರೆ, ಅಪಘಾತದಲ್ಲಿ ಪೈಪ್ ಹರಿದಾಗ ಅದು ರಸ್ತೆಗೆ ಡೀಸೆಲ್ ಸುರಿಯುತ್ತಲೇ ಇರುತ್ತದೆ.

ಬೆಲ್ಲದ_ಗಾಡಿ:
ಸರಿ ರೀ. ನಾಳೆ ವಾಲ್ವ್ ಬಿಚ್ಚಿಸಿ ಜಾಲರಿಯ ಫೋಟೊ ಹಾಕುತ್ತೇನೆ.