ನಾಲ್ಕನೇ ತರಗತಿಯ ಹುಡುಗಿಯ ನೆರಳಿನ ಪ್ರಶ್ನೆ: ಎಷ್ಟು ಹೇಳಬೇಕು?

ಪ್ರಶ್ನೆ (ಪ್ರಾಥಮಿಕ ಶಾಲಾ ಶಿಕ್ಷಕಿ, ಬೆಂಗಳೂರು ಗ್ರಾಮಾಂತರ)

ಎಲ್ಲರಿಗೂ ನಮಸ್ಕಾರ. ಪರಿಸರ ಅಧ್ಯಯನದ ತರಗತಿಯಲ್ಲಿ, ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಆಗ ನೆರಳು ಕಾಲಡಿಗೆ ಬೀಳುತ್ತದೆ ಎಂಬ ಮಾತು ಬಂತು. ಅದೇ ದಿನ ಬಿಸಿಯೂಟದ ತಟ್ಟೆ ತೊಳೆದು ಬಂದ ಹುಡುಗಿಯೊಬ್ಬಳು, "ಮಿಸ್, ನನ್ನ ನೆರಳು ಕಾಲಡಿಗೆ ಬಂದೇ ಇಲ್ಲ, ಬಾವುಟದ ಕಂಬದ್ದೂ ಉದ್ದ ಇದೆ" ಎಂದಳು. ಈಗ ಡಿಸೆಂಬರ್ ಆದ್ದರಿಂದ ಅವಳು ಕಂಡದ್ದು ನಿಜ. ಒಂಬತ್ತು ವರ್ಷದ ಮಗುವಿಗೆ ಭೂಮಿಯ ಅಕ್ಷದ ಓರೆಯನ್ನು ವಿವರಿಸಬೇಕೇ, ಅಥವಾ ಮುಂದಿನ ತರಗತಿಯಲ್ಲಿ ಕಲಿಯುತ್ತೀಯೆ ಎಂದು ಬಿಡಬೇಕೇ? ಮುಗಿಸಬೇಕಾದ ಪಾಠಗಳೂ ಬಾಕಿ ಇವೆ.

ಉತ್ತರ (ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ)

ಮೇಡಂ, ಎರಡೂ ಬೇಡ. ಅಳೆಯಲು ಹೇಳಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿ, ಒಂದು ಮೀಟರ್ ಉದ್ದದ ಕೋಲು ನೆಟ್ಟಗೆ ನಿಲ್ಲುವಂತೆ ಮೈದಾನದಲ್ಲಿ ಹೂಳಿಸಿ, ಹನ್ನೆರಡರಿಂದ ಮುಕ್ಕಾಲು ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಒಂದೊಂದು ಕಲ್ಲು ಇಡಿಸಿ. ನಿಮ್ಮ ಕಡೆ ಈ ತಿಂಗಳ ಕೊನೆಯಲ್ಲಿ ಸುಮಾರು 12 ಗಂಟೆ 20 ನಿಮಿಷಕ್ಕೆ ನೆರಳು ಅತಿ ಚಿಕ್ಕದಾಗುತ್ತದೆ. ಆಗಲೂ ಅದು 74 ಸೆಂಟಿಮೀಟರಿನಷ್ಟು ಉದ್ದವಾಗಿ ಉತ್ತರಕ್ಕೆ ಚಾಚಿರುತ್ತದೆ. ಶನಿವಾರ ಬೆಳಗಿನ ಶಾಲೆಯಾದ್ದರಿಂದ ಪ್ರತಿ ಸೋಮವಾರ ಅಳೆದು, ದಿನಾಂಕ ಹಾಕಿ ಬರೆದಿಡಲಿ. ಫೆಬ್ರವರಿಯ ಹೊತ್ತಿಗೆ ನೆರಳು ಮೋಟಾಗುತ್ತಿರುವುದನ್ನು ಮಕ್ಕಳೇ ನಿಮಗೆ ಹೇಳುತ್ತಾರೆ.

ಉತ್ತರ (ಶಿಕ್ಷಕಿ, ತುಮಕೂರು ಜಿಲ್ಲೆ)

ಸರ್ ಹೇಳಿದ ವಿಧಾನ ಚೆನ್ನಾಗಿದೆ, ಆದರೆ ಕೇಳಿದ ಮಗುವಿಗೆ ಆ ದಿನವೇ ಏನಾದರೂ ಸಿಗಬೇಕು ಎಂಬುದು ನನ್ನ ಅಭಿಪ್ರಾಯ. "ನೀನು ನೋಡಿದ್ದು ಸರಿ, ನಮ್ಮೂರಿನಲ್ಲಿ ಸೂರ್ಯ ದಿನವೂ ನೆತ್ತಿಯ ಮೇಲೆ ಬರುವುದಿಲ್ಲ" ಎಂದು ಇಡೀ ತರಗತಿಯ ಮುಂದೆ ಹೇಳಿದರೆ, ಪುಸ್ತಕದ ಮಾತನ್ನೂ ಪರೀಕ್ಷಿಸಿ ನೋಡಬಹುದು ಎಂಬ ಧೈರ್ಯ ಉಳಿದವರಿಗೂ ಬರುತ್ತದೆ. ಅಕ್ಷದ ಓರೆ ಈಗ ಬೇಡ. ಇನ್ನು ಪರೀಕ್ಷೆಯ ಚಿಂತೆ: ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಿಂದ ಆರಂಭವಾಗಿ 2002ರವರೆಗೆ ನಡೆದ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ಆರರಿಂದ ಎಂಟನೇ ತರಗತಿಯ ಮಕ್ಕಳು ಪ್ರಯೋಗ ಮಾಡಿಯೇ ಕಲಿಯುತ್ತಿದ್ದರು, ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡುವುದಕ್ಕೂ ಅವಕಾಶವಿತ್ತು. ನಮಗೆ ಆ ಸ್ವಾತಂತ್ರ್ಯವಿಲ್ಲ, ನಿಜ. ಆದರೂ ವಾರಕ್ಕೊಮ್ಮೆ ಅಳೆದು ಬರೆದುಕೊಳ್ಳಲು ಹತ್ತು ನಿಮಿಷ ಸಾಕು, ಉದ್ದದ ಅಳತೆಯ ಗಣಿತವೂ ಅದರಲ್ಲೇ ಆಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನೆರಳು ನಿಜವಾಗಿ ಕಾಲಡಿಗೆ ಬೀಳುವ ದಿನ ನಮ್ಮಲ್ಲಿ ಇದೆಯೇ? ಅವಳು ಮುಂದೆ ಕೇಳುವುದು ಅದನ್ನೇ.

ಉತ್ತರ (ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ)

ವರ್ಷಕ್ಕೆ ಎರಡು ದಿನ ಇವೆ. ಬೆಂಗಳೂರಿನ ಸುತ್ತಮುತ್ತ ಏಪ್ರಿಲ್ 24ರ ಹಾಗೂ ಆಗಸ್ಟ್ 18ರ ಆಸುಪಾಸು. ಇವೆರಡರ ನಡುವಿನ ತಿಂಗಳುಗಳಲ್ಲಿ ನಡುಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ; ಇದನ್ನು ಅವಳಿಗೆ ಮೊದಲೇ ಹೇಳಬೇಡಿ, ಜೂನ್‌ನಲ್ಲಿ ಶಾಲೆ ತೆರೆದಾಗ ಅವಳೇ ಕಂಡುಕೊಳ್ಳಲಿ. ಏಪ್ರಿಲ್ ದಿನಾಂಕ ಬೇಸಿಗೆ ರಜೆಯಲ್ಲಿ ಬರುವುದರಿಂದ ಆಗಸ್ಟ್ ದಿನಾಂಕವೇ ಅನುಕೂಲ. ಅಷ್ಟರಲ್ಲಿ ಅವಳು ಐದನೇ ತರಗತಿಗೆ ಹೋಗಿರುತ್ತಾಳೆ, ಅಳತೆಯ ಪುಸ್ತಕವನ್ನೂ ಜೊತೆಗೆ ಕಳುಹಿಸಿ. ಅಂದು ಮೋಡವಿದ್ದರೆ ಎರಡು ದಿನ ಹಿಂದೆ ಮುಂದೆ ಅಳೆಯಬಹುದು: ಮೀಟರ್ ಕೋಲಿನ ನೆರಳು ಆಗಲೂ ಒಂದು ಸೆಂಟಿಮೀಟರಿನಷ್ಟೇ ಇರುತ್ತದೆ.